ಕೂಸನ್ನು ಕೇಳಿ, ಆಮೇಲೆ ನನ್ನನ್ನೂ ಕೇಳಿದವರಿಗೆ

ಮಗಳಿಗೆ ಮೊನ್ನೆ ವರ್ಷ ತುಂಬಿತು. ಬಾಗಲಕೋಟೆ ನವನಗರದ ನಮ್ಮ ತವರುಮನೆ ಮುಂದೆ ಶಾಮಿಯಾನ ಹಾಕಿ, ಗೋಧಿ ಹುಗ್ಗಿ ಮಾಡಿಸಿ, ಬಂಧು ಬಳಗಕ್ಕೆಲ್ಲ ಊಟ ಹಾಕಿದೆವು. ಬಂದವರೆಲ್ಲ ಕೂಸನ್ನು ಎತ್ತಿ ಮುದ್ದಾಡಿ, ಕೈಯಲ್ಲಿ ರೊಕ್ಕ ಇಟ್ಟು, 'ಚಲೋ ಆತವ್ವ' ಎಂದು ಹರಸಿ ಹೋದರು. ಈ ವರ್ಷ ನಾನು ಹೇಗೆ ದಾಟಿದೆ ಎಂಬುದು ಅವರಲ್ಲಿ ಕೆಲವೇ ಮಂದಿಗೆ ಗೊತ್ತಿತ್ತು. ಬಡಿಸುವ ಗಡಿಬಿಡಿಯಲ್ಲಿ ಅವರಿಗೆ ಏನೂ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉಳಿದವರೂ ಓದಲಿ, ಮುಚ್ಚಿಡುವಂಥದ್ದೇನೂ ಇಲ್ಲ.

ಬಾಣಂತನದಲ್ಲಿ ನನಗೆ ಖಿನ್ನತೆ ಬಂದಿತ್ತು. ಡಾಕ್ಟರಿಗೆ ತೋರಿಸಿ, ಮಾತ್ರೆ ತಗೊಂಡು, ಈಗ ಆರಾಮಾಗಿದ್ದೇನೆ. ಜ್ವರ ಬಂದಿತ್ತು, ಹೋಯಿತು ಅಂತ ಹೇಳುವಷ್ಟು ಸಲೀಸಾಗಿ ಇದನ್ನು ಹೇಳಲು ನನಗೆ ಇಷ್ಟು ದಿನ ಬೇಕಾಯಿತು.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ನೆ ಅಳು ಬರುವುದು, ಸಿಟ್ಟು ಬರುವುದು ಬಹಳ ಜನರಿಗೆ ಆಗುತ್ತದೆ. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳು ಒಮ್ಮೆಲೇ ಇಳಿಯುತ್ತವೆ. ಮೇಲೆ ನಿದ್ದೆಯೂ ಇರುವುದಿಲ್ಲ. ಸಾಮಾನ್ಯವಾಗಿ ಎರಡು ವಾರದೊಳಗೆ ಅದು ತಾನಾಗಿಯೇ ಹೋಗುತ್ತದಂತೆ. ನನ್ನದು ಹೋಗಲಿಲ್ಲ, ಜಾಸ್ತಿಯಾಯಿತು. ಆಮೇಲೆ ಅಳುವೂ ನಿಂತುಹೋಯಿತು. ಕರೆಂಟು ಹೋದ ಮನೆಯಲ್ಲಿ ಎಲ್ಲ ಸಾಮಾನೂ ಇದ್ದು ಒಂದೂ ಕಾಣದ ಹಾಗೆ. ಕೂಸು ಮಲಗಿದರೂ ನನಗೆ ನಿದ್ದೆ ಇಲ್ಲ. ಅವ್ವ ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು ಹಾಕಿ ಕಟ್ಟಿದ ಉಂಡಿ ಬಾಯಿಗೆ ಹತ್ತುತ್ತಿರಲಿಲ್ಲ. ಹೋಳಿ ಬಂತು. ಊರೆಲ್ಲ ಹಲಗಿ ಸದ್ದು, ಬಣ್ಣದ ಬಂಡಿಗಳು. ಬಾಗಲಕೋಟೆಯವರಿಗೆ ಹೋಳಿ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ನಾನು ಅವ್ವನಿಗೆ ಕಿಟಕಿ ಹಾಕು ಎಂದೆ. ಕೂಸಿಗೆ ಎಚ್ಚರಾಗುತ್ತದೆ ಅಂತ ಹೇಳುತ್ತಿದ್ದೇನೆ ಎಂದು ಅವ್ವ ತಿಳಿದಳು.

ಮನೆ ತುಂಬ ಜನ ಇದ್ದರು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಒಂಟಿತನ ಅಂದರೆ ಬೆಂಗಳೂರಿನ ಫ್ಲಾಟಿನಲ್ಲಿ ಒಬ್ಬರೇ ಇರುವವರ ಕಾಯಿಲೆ ಅಂತ ನಾನೂ ಅಂದುಕೊಂಡಿದ್ದೆ. ನನಗೆ ಎಣ್ಣೆ ಹಚ್ಚಿ ನೀರು ಹಾಕುವವರು ಒಬ್ಬರು, ಶೇಕು ಕೊಡುವವರು ಒಬ್ಬರು, ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಕಟ್ಟುವವರು ಇನ್ನೊಬ್ಬರು. ಐದನೇ ದಿನ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಅಂತ ಎಲ್ಲ ಅಣಿಮಾಡಿ ಇಟ್ಟರು. ಇಷ್ಟೆಲ್ಲ ಪ್ರೀತಿಯಿಂದ ಮಾಡುವವರ ಮುಂದೆ 'ನನಗ ಯಾಕೋ ಚಲೋ ಅನಸವಲ್ದು' ಎಂದು ಹೇಗೆ ಹೇಳುವುದು? ಒಂದೆರಡು ಸಲ ಹೇಳಿದೆ. ದೃಷ್ಟಿ ತೆಗೆದರು. ಖಾಸಗಿ ದವಾಖಾನೆಯ ಡಾಕ್ಟರೊಬ್ಬರು 'ಎಲ್ಲಾರಿಗೂ ಆಗೂದ' ಎಂದು ಟಾನಿಕ್ ಬರೆದುಕೊಟ್ಟರು. ನೋಡಲು ಬಂದ ಒಬ್ಬರು ಸಮಾಧಾನ ಮಾಡಿದ್ದು ಹೀಗೆ: 'ಹೆಣ್ಣಾತೇನು? ಇರಲಿ ಬಿಡು, ಮುಂದಿಂದು ಗಂಡ ಆಗತೈತಿ.' ಗಂಡು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದರೆ ತಾಯಿಗೆ ಖಿನ್ನತೆ ಬರುವ ಸಾಧ್ಯತೆ ಹೆಚ್ಚು ಎಂದು ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ನಮ್ಮ ಮನೆಯಲ್ಲಿ ಯಾರೂ ಗಂಡು ಬೇಕು ಅಂದಿರಲಿಲ್ಲ. ಬಂದ ಮಂದಿ ಬಿಡಬೇಕಲ್ಲ!

ಇನ್ನು ಉಪಕಾರ ಸ್ಮರಣೆ.

ಮೊದಲು ನಮ್ಮ ಆಶಾ ಅಕ್ಕಾರಿಗೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಹೀಗೆ ಆರು ಸಲ ಬರಬೇಕು. ಬಿಸಿಲಲ್ಲಿ ನಡೆದು ಬರುತ್ತಿದ್ದರು. ಕೂಸನ್ನು ಜೋಳಿಗೆಯಲ್ಲಿ ಹಾಕಿ ತಕ್ಕಡಿಗೆ ತೂಗುಹಾಕಿ ತೂಕ ನೋಡುವುದು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡುವುದು, ಹೊಕ್ಕಳು ನೋಡುವುದು, ಫಾರ್ಮಿನಲ್ಲಿ ಗುರುತು ಮಾಡುವುದು. ಒಂದು ದಿನ ಎಲ್ಲ ಬರೆದಾದ ಮೇಲೆ ಪೆನ್ನಿಗೆ ಟೊಪ್ಪಿಗೆ ಹಾಕಿದರು. ಏಳುತ್ತಾರೆ ಅಂದುಕೊಂಡೆ. ಏಳಲಿಲ್ಲ. ಅವ್ವನಿಗೆ 'ಯಕ್ಕಾ, ಒಂಚೂರು ಚಾ ಇಡ್ರಿ' ಎಂದು ಒಳಗೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, 'ಕೂಸು ಚಲೋ ಐತಿ. ನೀ ಹೆಂಗದೀ ತಂಗಿ?' ಎಂದರು.

ನಾನು ಆರಾಮದೀನಿ ಎಂದೆ. ಅವರು ಹೂಂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಸುಮ್ನೆ ಕೂತರು. ಚಹಾ ಕುದಿದು ಉಕ್ಕಿ ಒಲೆ ಮೇಲೆ ಬಿದ್ದ ವಾಸನೆ ಬಂತು, ಅಲ್ಲಿಯವರೆಗೂ ಕೂತೇ ಇದ್ದರು. ಆಗ ನನಗೆ ಎಷ್ಟೋ ದಿನದ ಮೇಲೆ ಅಳು ಬಂತು. ಯಾಕ ಅಳತಿ ಅಂತ ಕೇಳಲಿಲ್ಲ, ಅಳಬ್ಯಾಡ ಅಂತಲೂ ಹೇಳಲಿಲ್ಲ. 'ಇದಕ್ಕ ಔಷಧ ಐತಿ, ನಾ ಕರಕೊಂಡು ಹೋಗತೀನಿ' ಎಂದಷ್ಟೇ ಹೇಳಿದರು. ಅಕ್ಕಾರ, ಫಾರ್ಮಿನಲ್ಲಿ ಇಲ್ಲದ ಆ ಹೊತ್ತಿಗೆ ನಿಮಗೆ ಯಾರೂ ಪ್ರೋತ್ಸಾಹಧನ ಕೊಡಲಿಕ್ಕಿಲ್ಲ. ನನ್ನ ನಮಸ್ಕಾರ ತಗೊಳ್ಳಿ.

ಎರಡನೆಯದು, ಹೆಸರು ಗೊತ್ತಿಲ್ಲದ ಒಬ್ಬ ಹೆಣ್ಣುಮಗಳಿಗೆ. ನಮ್ಮವರು ಬೆಳಗಾವಿಯ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾರೆ, ವಾರಕ್ಕೊಮ್ಮೆ ಬರುತ್ತಿದ್ದರು. ಆಶಾ ಅಕ್ಕಾರ ಮಾತು ಕೇಳಿದ ರಾತ್ರಿಯೇ ಅವರು ಅಲ್ಲಿಂದ ಟೆಲಿ ಮಾನಸ್‌ಗೆ ಫೋನ್ ಮಾಡಿದರು. ನಂಬರು 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಶುರು ಮಾಡಿದ ಸಹಾಯವಾಣಿ ಇದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೆಂಡತಿಗೆ ಏನು ಹೇಳಲಿ ಎಂದು ಕೇಳಲು ಫೋನ್ ಮಾಡಿದ ಮನುಷ್ಯನಿಗೆ ಆ ಕಡೆಯವರು ಮೊದಲು ಕೇಳಿದ್ದು, 'ನೀವು ಊಟ ಮಾಡಿದ್ದೀರಾ ಸರ್?' ಎಂದು. ಅವರೂ ಅತ್ತರಂತೆ. ಇದನ್ನು ನನಗೆ ಹೇಳಿದ್ದೇ ಎಷ್ಟೋ ತಿಂಗಳ ಮೇಲೆ. ಗಂಡಸರಿಗೂ ಕೂಸು ಹುಟ್ಟಿದ ಮೇಲೆ ಖಿನ್ನತೆ ಬರುವುದುಂಟು ಎಂದು ನಮಗೆ ಆಗ ಗೊತ್ತಿರಲಿಲ್ಲ. ಮರುದಿನ ನಾನೂ ಮಾತಾಡಿದೆ. ಜಿಲ್ಲಾ ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗುತ್ತಾರೆ, ದೂರ ಹೋಗಬೇಕಿಲ್ಲ ಎಂದರು.

ಆದರೂ ಅವ್ವನಿಗೆ ಎದೆ ಒಡೆದುಹೋಗಿತ್ತು. ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ 'ಇವನ್ನ ಧಾರವಾಡಕ್ಕ ಕಳಸಬೇಕು' ಎಂದು ಚೇಷ್ಟೆ ಮಾಡುತ್ತ ಬೆಳೆದವರು ನಾವು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು, ಆ ಚೇಷ್ಟೆಯೂ ಅಷ್ಟೇ ಹಳೆಯದಿರಬೇಕು. ಮಗಳನ್ನು ಅಲ್ಲಿ ಹಾಕುತ್ತಾರೆ, ಕೂಸನ್ನು ಬೇರೆ ಮಾಡುತ್ತಾರೆ ಎಂಬುದು ಅವ್ವನ ಹೆದರಿಕೆ. ಮನೋವೈದ್ಯರು ನನ್ನನ್ನು ಬಿಟ್ಟು ಮೊದಲು ಅವ್ವನ ಜೊತೆ ಮಾತಾಡಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮೂರು ವರ್ಷದೊಳಗಿನ ಕೂಸನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಂತೂ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡಿಕೊಳ್ಳುವ ವಾರ್ಡೇ ಇದೆ. 'ನಿಮ್ಮ ಮಗಳಿಗೆ ಅದೂ ಬೇಕಾಗಿಲ್ಲ, ಮನೀಗೆ ಹೋಗ್ರಿ' ಎಂದರು. ಹಳಬರು ಬಾಣಂತಿ ಸನ್ನಿ ಅನ್ನುವುದು ಬೇರೆ ಎಂದೂ ಹೇಳಿದರು. ಅದು ಸಾವಿರ ಹೆರಿಗೆಗೆ ಒಂದೋ ಎರಡೋ ಕಡೆ ಕಾಣುವಂಥದ್ದು. ಇಲ್ಲದ ಮಾತು ಕೇಳಿಸುವುದು, ಇಲ್ಲದ್ದು ಕಾಣಿಸುವುದು, ತಾಯಿಗೆ ವಾಸ್ತವದ ಹಿಡಿತವೇ ತಪ್ಪುವುದು ಹೀಗಿದ್ದರೆ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ತರಬೇಕು.

ಡಾಕ್ಟರು ನನಗೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಎಡಿನ್‌ಬರೋ ಪ್ರಶ್ನಾವಳಿ ಅಂತ, 1987ರದ್ದು. ಕನ್ನಡದಲ್ಲೂ ಇದೆ. ಕಳೆದ ಏಳು ದಿನ ನಗಲಿಕ್ಕೆ ಆಯಿತೇ, ಕಾರಣವಿಲ್ಲದೆ ಹೆದರಿಕೆ ಬಂತೇ, ಅಂಥವು. ಕೊನೆಯ ಪ್ರಶ್ನೆ ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತೇ ಎಂಬುದು. ಅದನ್ನು ಅಷ್ಟು ನೇರವಾಗಿ ಯಾರೋ ಕೇಳಿದ್ದೇ ನನಗೆ ಒಂದು ಸಮಾಧಾನ. ರಕ್ತ ಪರೀಕ್ಷೆಯನ್ನೂ ಮಾಡಿಸಿದರು, ಯಾಕೆಂದರೆ ಥೈರಾಯಿಡ್ ಏರುಪೇರಾದರೂ, ರಕ್ತ ಕಡಿಮೆ ಇದ್ದರೂ ಹೀಗೇ ಆಗಬಹುದು. ಹಾಲುಣಿಸುವಾಗಲೂ ಕೊಡಬಹುದಾದ ಮಾತ್ರೆ ಬರೆದರು. ಅದು ಕೆಲಸ ಶುರು ಮಾಡಲು ಕೆಲವು ವಾರ ಬೇಕು, ಆರಾಮ ಅನಿಸಿದ ಕೂಡಲೇ ಬಿಡಬಾರದು ಎಂದು ಎರಡೆರಡು ಸಲ ಹೇಳಿದರು. ಇನ್ನೂ ತಗೊಳ್ಳುತ್ತಿದ್ದೇನೆ.

ಆ ಕೆಲವು ವಾರ ಇತ್ತಲ್ಲ, ಅದನ್ನು ದಾಟಿಸಿದ್ದು ಎದುರು ಮನೆ ಅಜ್ಜಿ. ಸಂಜೆ ಬಿಸಿಲು ಇಳಿದ ಮೇಲೆ ಸೆರಗಿನಲ್ಲಿ ಮೆಂತ್ಯ ಪಲ್ಯದ ಸೂಡು ಕಟ್ಟಿಕೊಂಡು ಬರುತ್ತಿದ್ದರು. ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಸೂಡನ್ನು ನನ್ನ ಮುಂದೆ ಬಿಚ್ಚಿ, 'ನನಗ ಕಣ್ಣ ಕಾಣೂದುಲ್ಲ, ಸೋಸಿಕೊಡವ್ವ' ಎನ್ನುತ್ತಿದ್ದರು. ಕಣ್ಣು ಕಾಣದಿರುವುದು ಶುದ್ಧ ಸುಳ್ಳು. ರಸ್ತೆಯ ಆ ತುದಿಯಲ್ಲಿ ಯಾರ ಮನೆ ಮುಂದೆ ಯಾರ ಗಾಡಿ ನಿಂತಿದೆ ಎಂದು ಹೇಳುವ ಅಜ್ಜಿ ಅವರು. ಒಂದೊಂದೇ ಎಲೆ ಬಿಡಿಸುತ್ತ ಕೂರುತ್ತಿದ್ದೆ. ಮಾತು ಬಂದರೆ ಆಡುತ್ತಿದ್ದೆ, ಬರದಿದ್ದರೆ ಇಲ್ಲ. ನಾನು ಹೇಳಿದ್ದಕ್ಕೆ ಅವರು ಉಪದೇಶ ಮಾಡಲಿಲ್ಲ. ಎಲೆ ಅಡಿಕೆ ಮೆಲ್ಲುತ್ತ 'ಹೌದೇನು' ಅನ್ನುತ್ತಿದ್ದರು. ಒಮ್ಮೆ ಮಾತ್ರ, ತಮ್ಮ ಎರಡನೇ ಬಾಣಂತನದಲ್ಲಿ ತಾವೂ ಬಾವಿ ಕಡೆ ನೋಡುತ್ತ ನಿಲ್ಲುತ್ತಿದ್ದೆ ಎಂದರು. ಮನೆಯಲ್ಲಿ ಇವತ್ತಿಗೂ ಯಾರಿಗೂ ಹೇಳಿಲ್ಲವಂತೆ. ಬರೆಯಬಹುದೇ ಎಂದು ಕೇಳಿದ್ದಕ್ಕೆ, 'ಬರಿ, ನನ್ನ ಹೆಸರು ಹಾಕಬ್ಯಾಡ' ಎಂದರು.

ಆಮೇಲೆ ಓದಿ ತಿಳಿದದ್ದು: ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ದವಾಖಾನೆ ಅಂಗಳದ ಬೆಂಚಿನ ಮೇಲೆ ಕೂಡಿಸಿದರು. ಮನಸ್ಸಿಗೆ ಭಾರವಾದವರು ಬಂದು ಪಕ್ಕದಲ್ಲಿ ಕೂತು ಮಾತಾಡುವುದು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು ಇದ್ದುದಕ್ಕೆ ಹುಡುಕಿದ ದಾರಿ ಅದು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಾಗೆ ಕೂತವರ ಖಿನ್ನತೆ ನಿಜವಾಗಿಯೂ ಕಡಿಮೆಯಾಗಿತ್ತು. ನಮ್ಮ ಅಜ್ಜಿಗೆ ಇದನ್ನು ಹೇಳಿದೆ. 'ಅವರಿಗೆ ಪಗಾರ ಎಷ್ಟಂತ?' ಎಂದರು.

ಚಿಗವ್ವ, ನೀನು ರಾತ್ರಿ ಹನ್ನೊಂದರಿಂದ ಮೂರರವರೆಗೆ ಕೂಸನ್ನು ಇಟ್ಟುಕೊಂಡು ನನ್ನನ್ನು ಬೇರೆ ಕೋಣೆಯಲ್ಲಿ ಮಲಗಿಸಿದೆ. ಮಾತ್ರೆಯ ಅರ್ಧ ಕೆಲಸ ಆ ನಿದ್ದೆಯೇ ಮಾಡಿತು. ನನ್ನ ಗೆಳತಿ, ಮುಧೋಳದ ಶಾಲೆಯ ಟೀಚರ್, ದಿನಾ ಒಂದು ವಾಯ್ಸ್ ಮೆಸೇಜ್ ಹಾಕುತ್ತಿದ್ದಳು. ಯಾವ ಹುಡುಗ ಏನು ಕಿತಾಪತಿ ಮಾಡಿದ, ಬಿಸಿಯೂಟಕ್ಕೆ ಏನಿತ್ತು, ಇಷ್ಟೇ. ಕೊನೆಗೆ 'ಉತ್ತರ ಬ್ಯಾಡ' ಎನ್ನುತ್ತಿದ್ದಳು. ಅದೇ ಫೋನಿನಲ್ಲಿ ನಾನು ಕೂಸಿನ ಫೋಟೊ ಸ್ಟೇಟಸ್ ಇಟ್ಟ ದಿನ ನೂರಾರು ಮಂದಿ ಹೃದಯದ ಚಿತ್ರ ಕಳಿಸಿದ್ದರು. ಅವರ ಮೇಲೆ ದೂರಿಲ್ಲ. ಆದರೆ ನಾನು ಕಾಯುತ್ತಿದ್ದದ್ದು ಆ ಮುಧೋಳದ ಎರಡು ನಿಮಿಷಕ್ಕೆ. ನಮ್ಮ ಪತ್ತಿನ ಸಹಕಾರಿ ಸಂಘದ ಮ್ಯಾನೇಜರ್ ಮೇಡಂಗೆ, 26 ವಾರದ ಹೆರಿಗೆ ರಜೆ ಮುಗಿದ ಮೇಲೂ ಮೊದಲ ತಿಂಗಳು ಕೌಂಟರಿನಲ್ಲಿ ಕೂಡಿಸದೆ ಒಳಗೆ ಲೆಕ್ಕ ನೋಡಲು ಬಿಟ್ಟಿದ್ದಕ್ಕೆ, ದೊಡ್ಡ ನಮಸ್ಕಾರ.

ಅವ್ವನ ಬಗ್ಗೆ ಕೊನೆಗೆ ಬರೆಯುತ್ತಿದ್ದೇನೆ, ಕಷ್ಟ ಅಂತ. ಆಲಮಟ್ಟಿ ಹಿನ್ನೀರು ಬಂದು ಹಳೇ ಊರಿನ ಮನೆ ಬಿಟ್ಟು ಈ ಸೆಕ್ಟರಿಗೆ ಬಂದವಳು ಅವಳು. ಅಲ್ಲಿ ಓಣಿಯಲ್ಲಿ ಯಾರದೇ ಬಾಣಂತನ ಇರಲಿ, ಮಧ್ಯಾಹ್ನ ನಾಲ್ಕು ಹೆಂಗಸರು ಬಂದು ಕೂರುತ್ತಿದ್ದರಂತೆ, ಬಾಣಂತಿ ಮುಖ ನೋಡಿಯೇ ಹಿಡಿಯುತ್ತಿದ್ದರಂತೆ. ಇಲ್ಲಿ ಅಗಲ ರಸ್ತೆ, ನಂಬರ್ ಹಚ್ಚಿದ ಮನೆ, ಯಾವ್ಯಾವುದೋ ಓಣಿಯಿಂದ ಎದ್ದು ಬಂದ ಮಂದಿ. ಆ ಓಣಿಯ ಹೆಂಗಸರೆಲ್ಲರ ಕೆಲಸವನ್ನು ನನ್ನ ಬಾಣಂತನದಲ್ಲಿ ಅವ್ವ ಒಬ್ಬಳೇ ಮಾಡಿದಳು. ಈಗ ಅಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ಮಾತಿದೆ. ಇನ್ನಷ್ಟು ಊರು, ಇನ್ನಷ್ಟು ಓಣಿ ಎದ್ದು ಬರುತ್ತವೆ. ಪರಿಹಾರದ ಲೆಕ್ಕದಲ್ಲಿ ಹೊಲ, ಮನೆ, ಗಿಡ ಎಲ್ಲ ಇರುತ್ತವೆ. ಆ ನಾಲ್ಕು ಹೆಂಗಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಅವ್ವ ಫೋನ್ ಓದುವುದಿಲ್ಲ. ಹಾಕುವ ಮೊದಲು ಪೂರ್ತಿ ಓದಿ ಹೇಳಿದೆ. ಊರಿಗೆಲ್ಲ ಯಾಕ ಹೇಳತಿ ಎಂದು ಬೈಯುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಕೂಸಿನ ಕುಲಾವಿ ಮಡಚುತ್ತ ಕೂತಳು. ಆಮೇಲೆ, 'ಹಾಕು. ಆದರ ಅಂಟಿನುಂಡಿ ಚಲೋನ ಆಗಿದ್ದು. ನಿನ್ನ ಬಾಯೇ ಕೆಟ್ಟಿತ್ತು, ಅದನ್ನೂ ಬರಿ' ಎಂದಳು.

ಬರೆದಿದ್ದೇನೆ ಅವ್ವ.