ಜೆಲ್ ಬಿಟ್ಟ ಮೇಲೆ ಕಾಯಿರಿ

ಕಾರವಾರ ವಾರ್ಡಿನ ಸಿಸ್ಟರ್, ಬ್ರದರ್ ಎಲ್ಲರಿಗೂ: ಗಂಡಸರಿಗೆ ಕ್ಯಾಥೆಟರ್ (ಮೂತ್ರ ಹೊರಬರಲು ಹಾಕುವ ಕೊಳವೆ) ಹಾಕುವಾಗ ಜೆಲ್ ಬಿಟ್ಟ ಕೂಡಲೇ ಕೊಳವೆ ತೂರಿಸಬೇಡಿ. 2% ಲಿಗ್ನೋಕೇನ್ ಜೆಲ್ ಸುಮಾರು 10 ಮಿ.ಲೀ. ಮೂತ್ರನಾಳದೊಳಗೆ ನಿಧಾನಕ್ಕೆ ಬಿಟ್ಟು, ಗಡಿಯಾರ ನೋಡಿಕೊಂಡೇ 5 ನಿಮಿಷ ಕಾಯಿರಿ. ಅದು ಜಾರಲಿಕ್ಕೆ ಮಾತ್ರ ಅಲ್ಲ, ಮರಗಟ್ಟಲಿಕ್ಕೂ. (ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿ.) ಒಳಗೆ ಬಿಗಿ ಸಿಕ್ಕರೆ ಒತ್ತಬೇಡಿ. "ಅಜ್ಜಾ, ಉಸಿರು ಬಿಡಿ, ಉಚ್ಚೆ ಹೊಯ್ಯುವ ಹಾಗೆ ಮಾಡಿ" ಅನ್ನಿ, ಸ್ನಾಯು ಸಡಿಲಾಗುತ್ತದೆ. ಮಾಜಾಳಿ, ಸದಾಶಿವಗಡ ಕಡೆಯವರಿಗೆ ಕೊಂಕಣಿಯಲ್ಲೇ ಹೇಳಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ, ನಾನೇ ಕಂಡಿದ್ದೇನೆ. ಪರದೆ ಎಳೆಯಲು ಮರೆಯಬೇಡಿ. ಸಿಸ್ಟೋಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ಮೂತ್ರಕೋಶ ನೋಡುವ ಪರೀಕ್ಷೆ) ಆದವರಿಗೆ ಒಂದೆರಡು ದಿನ ಉರಿ ಸಹಜ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ತಕ್ಷಣ ಬರಲು ಹೇಳಿ ಕಳಿಸಿ.