ಮಳೆ ಹಿಡಿಯುವ ಮೊದಲು ಒಂದು ಬಾಗಿಲು ತೆರೆಯಿರಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ಈ ಜಿಲ್ಲೆಯ ಕರಾವಳಿಯಲ್ಲಿ ಸಮುದಾಯ ಸಂಘಟಕಿ. ಊರಿನಲ್ಲಿ ಮನೆಯಿಲ್ಲದವರು ಯಾರು, ಎಲ್ಲಿ ಮಲಗುತ್ತಾರೆ ಎಂದು ಹುಡುಕಿ ಬರೆದಿಡುವುದು ನನ್ನ ಕೆಲಸ. ಹಗಲಲ್ಲಿ ಇದು ಆಗುವುದಿಲ್ಲ. ಕೊನೆಯ ಬಸ್ಸು ಹೋದ ಮೇಲೆ ಟಾರ್ಚ್ ಹಿಡಿದು ಹೊರಡಬೇಕು. ಮಲಗಿದವರ ಮುಖಕ್ಕೆ ಬೆಳಕು ಬಿಡಬಾರದು. ಕಾಲಿನ ಹತ್ತಿರ ಕುಳಿತು, "ಊಟ ಆಯ್ತಾ?" ಎಂದು ಕೇಳಬೇಕು. ಹೆಸರು ಕೇಳುವುದು ಆಮೇಲೆ.

ಅಲ್ಲಿ ಸಿಗುವವರು ಮೀನಿನ ಬುಟ್ಟಿ ಹೊರುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಘಟ್ಟದ ಮೇಲಿಂದ ಗಾರೆ ಕೆಲಸಕ್ಕೆ ಬಂದವರು, ಮಗನ ಮನೆಯಿಂದ ಹೊರಬಿದ್ದ ಮುದುಕಿಯರು. ಜನ ಸುಮ್ನೆ ಭಿಕ್ಷುಕರು ಅಂದುಬಿಡುತ್ತಾರೆ. ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ನಾನು ಕಂಡವರಲ್ಲಿ ದುಡಿಯುವವರೇ ಜಾಸ್ತಿ. ಆ ದುಡಿಮೆಯಲ್ಲಿ ಬಾಡಿಗೆ ಮನೆಯ ಮುಂಗಡ ಹುಟ್ಟುವುದಿಲ್ಲ, ಅಷ್ಟೆ.

2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ರಾತ್ರಿ. ನಮ್ಮ ಕಡೆ ಫೆಬ್ರವರಿ ಅಂದರೆ ಒಣ ಹವೆ. ಮೀನುಗಾರಿಕೆ ನಡೆದಿರುತ್ತದೆ, ಬೋಟಿನ ಕೆಲಸಗಾರರು ಎಷ್ಟೋ ಜನ ಬೋಟಿನಲ್ಲೇ ಮಲಗುತ್ತಾರೆ. ಜೂನ್ 1 ಬಂತೆಂದರೆ ಯಾಂತ್ರಿಕ ಮೀನುಗಾರಿಕೆ ಬಂದ್. ಜುಲೈ 31ರವರೆಗೆ, 61 ದಿನ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತುಬಿಡುತ್ತವೆ. ಹೊರ ರಾಜ್ಯದ ಹುಡುಗರಲ್ಲಿ ಹೆಚ್ಚಿನವರು ರೈಲು ಹತ್ತಿ ಊರಿಗೆ ಹೋಗುತ್ತಾರೆ. ಹೋಗಲಾಗದೆ ಉಳಿದವರಿಗೆ ಒಂದೇ ದಿನ ಕೆಲಸವೂ ಹೋಯಿತು, ಮಲಗುವ ಜಾಗವೂ ಹೋಯಿತು. ಮಳೆ ಹಿಡಿಯುವುದೂ ಆಗಲೇ. ಉತ್ತರ ಭಾರತದ ಬೀದಿಯಲ್ಲಿ ಚಳಿ ಜೀವ ತೆಗೆಯುತ್ತದೆ. ಇಲ್ಲಿ ಮಳೆ. ಚಳಿಗೆ ಬೆಂಕಿಯನ್ನಾದರೂ ಹಾಕಬಹುದು. ನಾಲ್ಕು ದಿನ ಬಿಡದೆ ಹೊಯ್ಯುವ ಮಳೆಯಲ್ಲಿ ಒದ್ದೆ ಕಂಬಳಿ ಒಣಗಿಸುವುದೆಲ್ಲಿ?

ನೆರೆ ಬಂದಾಗ ಈ ಜಿಲ್ಲೆ ಎಷ್ಟು ಬೇಗ ಎದ್ದು ನಿಲ್ಲುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. 2019ರಲ್ಲಿ, ಮತ್ತೆ 2021ರಲ್ಲಿ, ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಶಾಲೆಗಳಲ್ಲಿ ಕಾಳಜಿ ಕೇಂದ್ರ ತೆರೆದುಕೊಂಡವು. ಚಾಪೆ, ಅನ್ನ, ಸಾರು ಎಲ್ಲ ಬಂತು. ಅಂಥದ್ದೊಂದು ಕೇಂದ್ರಕ್ಕೆ ಒಬ್ಬ ಅಜ್ಜಿಯನ್ನು ನಾನೇ ಕರೆದುಕೊಂಡು ಹೋಗಿದ್ದೆ. ಸೀರೆಯಿಂದ ನೀರು ಇಳಿಯುತ್ತಿತ್ತು. ಬಾಗಿಲಲ್ಲಿ ಪಟ್ಟಿ ಹಿಡಿದು ಕುಳಿತವರು, "ನಿಮ್ಮ ಮನೆ ಯಾವುದು? ಎಲ್ಲಿವರೆಗೆ ನೀರು ಬಂದಿದೆ?" ಎಂದು ಕೇಳಿದರು. ಅಜ್ಜಿ ನನ್ನ ಮುಖ ನೋಡಿದಳು. ನೀರು ನುಗ್ಗಲು ಅವಳಿಗೆ ಮನೆಯೇ ಇರಲಿಲ್ಲ. ಪಟ್ಟಿಯಲ್ಲಿ ಹೆಸರು ಸೇರಲಿಲ್ಲ. ಅವಳು ಮತ್ತೆ ಅಂಗಡಿ ಜಗಲಿಗೇ ಹೋದಳು. ಆ ರಾತ್ರಿ ನಾನು ನನ್ನ ಮನೆಯಲ್ಲಿ ಮಲಗಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ, ನಗರದ ಒಂದು ಲಕ್ಷ ಜನಸಂಖ್ಯೆಗೆ ಮನೆಯಿಲ್ಲದ ನೂರು ಜನರಿಗಾಗುವಷ್ಟು ಆಶ್ರಯ ಇರಬೇಕು ಎಂದಿತ್ತು. ಒಬ್ಬರಿಗೆ 50 ಚದರ ಅಡಿ ಜಾಗ, ವರ್ಷವಿಡೀ ತೆರೆದ ಬಾಗಿಲು. 2011ರಲ್ಲಿ ಕಾರವಾರವೂ ಲಕ್ಷ ಮುಟ್ಟಿರಲಿಲ್ಲ, ಶಿರಸಿಯೂ ಮುಟ್ಟಿರಲಿಲ್ಲ. "ನಮ್ಮದು ಸಣ್ಣ ಊರು, ಇಲ್ಲಿ ಅಂಥವರು ಎಷ್ಟಿದ್ದಾರೆ?" ಎಂದು ಸಭೆಗಳಲ್ಲಿ ಕೇಳುತ್ತಾರೆ. ಕಡಿಮೆ ಇದ್ದರೆ ಒಳ್ಳೆಯದೇ ಆಯಿತು, ಕೆಲಸ ಸುಲಭ ಅಲ್ವಾ? ನೂರು ಬೇಡ, ಸರ್. ಒಂದೊಂದು ಊರಿಗೆ ಇಪ್ಪತ್ತು ಚಾಪೆ ಸಾಕು.

ನನ್ನ ಬೇಡಿಕೆ ದೊಡ್ಡದಲ್ಲ. ಈ ಸಲ ಜೂನ್ 1ರಿಂದಲೇ ಪ್ರತಿ ಊರಿನಲ್ಲಿ ಒಂದು ಕಟ್ಟಡ ತೆರೆದಿಡಿ. ನೆರೆ ಬರಲಿ ಎಂದು ಕಾಯಬೇಡಿ. ಹೆಂಗಸರಿಗೆ ಬೇರೆ ಕೋಣೆ ಇರಲಿ, ಒಳಗಿನಿಂದ ಹಾಕುವ ಚಿಲಕ ಇರಲಿ. ಬಾಗಿಲಲ್ಲಿ ಆಧಾರ್ ಕೇಳಬೇಡಿ, ಅದನ್ನು ಆಮೇಲೆ ನಾವೇ ಮಾಡಿಸಿಕೊಡುತ್ತೇವೆ. ಎಣಿಕೆಯನ್ನು ಜುಲೈನಲ್ಲಿ, ಜಡಿಮಳೆಯ ರಾತ್ರಿಯಲ್ಲಿ ಇನ್ನೊಮ್ಮೆ ಮಾಡಿಸಿ. ಒಂದು ರಾತ್ರಿ ನೀವೂ ನಮ್ಮ ಜೊತೆ ಬನ್ನಿ.

ಜೂನ್ 1ರ ರಾತ್ರಿ ನಾನು ಎಂದಿನಂತೆ ಹೊರಡುತ್ತೇನೆ. ಜಗಲಿಯಲ್ಲಿ ಮಲಗಿದವರಿಗೆ ಹೇಳಲು ಒಂದು ವಿಳಾಸ ಕೊಡಿ.

ಇತಿ,
ಒಬ್ಬ ಸಮುದಾಯ ಸಂಘಟಕಿ