ಕಪ್ಪೆ ಬಾಟಲಿಗಳನ್ನು ಗುಜರಿಗೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಅಳಿದೇಹೋಯಿತು ಎಂದುಕೊಂಡಿದ್ದ ಶ್ರೀಲಂಕಾದ ನಕ್ಷತ್ರ ಪೊದೆಗಪ್ಪೆ ಮತ್ತೆ ಸಿಕ್ಕ ಕಥೆಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿ ಖುಷಿಯಾಯಿತು. ಆ ಕಪ್ಪೆಯ ಹೆಸರಿನ ಹಿಂದೆ ಇನ್ನೊಂದು ಕಥೆ ಇದೆ. ಹಳೆಯ ಕಪ್ಪೆಗಳನ್ನು ಬಾಟಲಿಯಲ್ಲಿ ಇಟ್ಟುಕೊಂಡಿರುವ ನಮ್ಮ ಕಾಲೇಜುಗಳವರು ಅದನ್ನು ಕೇಳಲೇಬೇಕು ಎಂದು ಈ ಪತ್ರ.

ಶ್ರೀಲಂಕಾದಲ್ಲೇ ಹುಟ್ಟಿದ ಸೈನ್ಯದ ವೈದ್ಯ ಕೆಲಾರ್ಟ್, 1853ರಲ್ಲಿ ನುವರ ಎಲಿಯದ ಈ ಕಪ್ಪೆಗೆ 'ಪಾಲಿಪೆಡೇಟಿಸ್ ಸ್ಟೆಲ್ಲಾಟಾ' ಎಂದು ಹೆಸರಿಟ್ಟ. ಮೈಮೇಲೆ ನಕ್ಷತ್ರದಂಥ ಚುಕ್ಕೆಗಳಿವೆಯಲ್ಲ, ಅದಕ್ಕೆ ಆ ಹೆಸರು. ಅವನು ಬರೆದಿಟ್ಟ ವರ್ಣನೆ ಉಳಿಯಿತು. ಯಾವ ಕಪ್ಪೆಯನ್ನು ಮುಂದಿಟ್ಟುಕೊಂಡು ಬರೆದನೋ ಅದು ಮಾತ್ರ ಕಳೆದುಹೋಯಿತು. ಪ್ರಾಣಿಶಾಸ್ತ್ರದಲ್ಲಿ ಇದು ಸಣ್ಣ ನಷ್ಟ ಅಲ್ಲ. ಒಂದು ಹೆಸರು ಯಾವ ಜೀವಿಗೆ ಸೇರಿದ್ದು ಎಂಬ ಜಗಳ ಬಂದಾಗ ಕೊನೆಗೆ ನೋಡುವುದು ಆ ಮೂಲ ಮಾದರಿಯನ್ನೇ. ಒಂದೂವರೆ ಶತಮಾನದ ಮೇಲೆ, 2009ರಲ್ಲಿ, ಶ್ರೀಪಾದ ಬೆಟ್ಟದ ಕಾಡಿನಲ್ಲಿ ಚುಕ್ಕೆ ಕಪ್ಪೆ ಸಿಕ್ಕಿತು. ಆದರೆ ಪಕ್ಕದಲ್ಲಿಟ್ಟು ನೋಡೋಣ ಅಂದರೆ ಕೆಲಾರ್ಟನ ಕಪ್ಪೆಯೇ ಇಲ್ಲ! ಸಂಶೋಧಕರು ಹಳೆಯ ವರ್ಣನೆಯ ಜೊತೆ ತಾಳೆ ನೋಡಿ, ಹೊಸದಾಗಿ ಒಂದು ಮಾದರಿಯನ್ನು ಗೊತ್ತುಮಾಡಿ 2013ರಲ್ಲಿ ಪ್ರಕಟಿಸಬೇಕಾಯಿತು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರಾಣಿಶಾಸ್ತ್ರಜ್ಞ ಗುಂಥರ್ ಜೋಡಿಸಿಟ್ಟ ಸಿಲೋನ್ ಕಪ್ಪೆಗಳ ಕಥೆ ಬೇರೆ. ಅವು ಬಾಟಲಿಗಳಲ್ಲಿ ಹಾಗೇ ಉಳಿದವು. ಶ್ರೀಲಂಕಾದ ಸಂಶೋಧಕರಾದ ಮನಮೇಂದ್ರ ಆರಚ್ಚಿ ಮತ್ತು ರೋಹನ್ ಪೆತಿಯಗೊಡ 2005ರಲ್ಲಿ ಒಂದೇ ಏಟಿಗೆ 27 ಹೊಸ ಪೊದೆಗಪ್ಪೆಗಳಿಗೆ ಹೆಸರಿಟ್ಟರು. ಯಾವುದು ಹಳೆಯದು, ಯಾವುದು ಹೊಸದು ಅಂತ ಧೈರ್ಯವಾಗಿ ಹೇಳಲು ಇಂಥ ಹಳೆಯ ಮಾದರಿಗಳೇ ಆಧಾರ. 2007ರಲ್ಲಿ ಇನ್ನೂ ಎರಡು ಪ್ರಭೇದಗಳು ಹಳೆಯ ಸಂಗ್ರಹಗಳಲ್ಲೇ ಪತ್ತೆಯಾದವು. ಕಾಡಿನಲ್ಲಿ ಹುಡುಕಿದರೆ ಅವು ಇಲ್ಲ. ನಾಮಕರಣದ ಹೊತ್ತಿಗೆ ತೊಟ್ಟಿಲು ಖಾಲಿ! ಆ ಬಾಟಲಿಗಳನ್ನು ಯಾರಾದರೂ ಎಸೆದಿದ್ದರೆ, ಅಂಥ ಎರಡು ಜೀವಿಗಳು ಭೂಮಿಯ ಮೇಲಿದ್ದವು ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಕುಲದ, ಅಂದರೆ ಹತ್ತಿರದ ಪ್ರಭೇದಗಳನ್ನು ಸೇರಿಸಿದ ಗುಂಪಿನ, ಹೆಸರಿನದ್ದು ಇನ್ನೊಂದು ದೊಡ್ಡ ಗೋಜಲು. ಇಂಥ ಕಪ್ಪೆಗಳಿಗೆ ಮೊದಲು 'ಇಕ್ಸಾಲಸ್' ಎನ್ನುತ್ತಿದ್ದರು. ಆ ಹೆಸರು 1837ರಲ್ಲೇ ಒಂದು ಸಸ್ತನಿಗೆ ಹೋಗಿಬಿಟ್ಟಿತ್ತು. ಹಾಗಾಗಿ 'ಫಿಲಾಟಸ್' ಬಂತು. ಮುಂದೆ ಡಿಎನ್‌ಎ ನೋಡಿದಾಗ ಶ್ರೀಲಂಕಾದವು ಆಗ್ನೇಯ ಏಷ್ಯಾದ ಫಿಲಾಟಸ್‌ಗಳಿಂದ ಬೇರೆ ಎಂದು ಗೊತ್ತಾಯಿತು. ಅವಕ್ಕೊಂದು ಹೆಸರು ಬೇಕಲ್ಲ? 1987ರಲ್ಲಿ ದುಬಾ ಎಂಬ ವಿಜ್ಞಾನಿ ಕೊಟ್ಟ 'ಕೀರ್ತಿಕ್ಸಾಲಸ್' ಸಿದ್ಧವಾಗಿತ್ತು. ಸಿಲೋನಿನ ಕಪ್ಪೆಗಳ ಬಗ್ಗೆ ಪುಸ್ತಕ ಬರೆದ ಕೀರ್ತಿಸಿಂಘೆಯವರ ನೆನಪಿನ ಹೆಸರು ಅದು. ಆದರೆ ಲಾರೆಂಟ್ ಎಂಬ ಇನ್ನೊಬ್ಬ ವಿಜ್ಞಾನಿ 1943ರಲ್ಲೇ ಇದೇ ಗುಂಪಿಗೆ 'ಸೂಡೋಫಿಲಾಟಸ್' ಎಂದು ಒಂದು ಹೆಸರು ಇಟ್ಟುಬಿಟ್ಟಿದ್ದರು. ಮೊದಲು ಇಟ್ಟ ಹೆಸರಿಗೇ ಹಕ್ಕು ಎಂಬುದು ನಿಯಮ. ಕೀರ್ತಿಸಿಂಘೆಯವರ ಹೆಸರು ಪಕ್ಕಕ್ಕೆ ಸರಿಯಿತು. ನಿಯಮ ಸರಿಯೇ. ಆದರೂ ನನಗೆ ಬೇಜಾರಿದೆ.

ಹೆಸರಿನ ಮಟ್ಟಿಗೆ ನಮ್ಮ ಕಡೆಯ ಪೊದೆಗಪ್ಪೆಗಳ ಅದೃಷ್ಟ ಚೆನ್ನಾಗಿತ್ತು. ಪಶ್ಚಿಮ ಘಟ್ಟದ ಹೆಚ್ಚಿನವಕ್ಕೆ 2010ರಲ್ಲಿ 'ರಾವೋರ್ಕೆಸ್ಟಿಸ್' ಎಂಬ ಕುಲದ ಹೆಸರು ಬಂತು. ಅದರಲ್ಲಿರುವ ರಾವ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಸಿ. ಆರ್. ನಾರಾಯಣ ರಾವ್. 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ವರ್ಣಿಸಿದರು. ನಾವು ನೀರುದೋಸೆ ತಿನ್ನಲು ಬಸ್ಸಿಳಿಯುವ ಕೊಟ್ಟಿಗೆಹಾರದ ಹೆಸರೂ ಅದರಲ್ಲೊಂದು ಕಪ್ಪೆಗಿದೆ. ರಾಯರು ಅದನ್ನು ಫಿಲಾಟಸ್ ಎಂದು ಬರೆದಿದ್ದರು, ಈಗ ಅದು ತೊರೆಗಳಲ್ಲಿ ಕಾಲು ಬೀಸುವ ಕುಣಿಯುವ ಕಪ್ಪೆಗಳ ಗುಂಪಿನಲ್ಲಿದೆ. ಅಷ್ಟು ಕಷ್ಟಪಟ್ಟು ಅವರು ವರ್ಣಿಸಿದ ಮೂಲ ಮಾದರಿಗಳು ಇವತ್ತು ಇಲ್ಲ. ಕಳೆದುಹೋಗಿವೆ.

ಅವು ಹೇಗೆ ಹೋದವೋ, ಆದರೆ ಇಂಥವು ಹೇಗೆ ಹೋಗುತ್ತವೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಹುಡುಗರು ಬರುವುದು ನಿಂತಿತು. ಕೋಣೆ ಕಂಪ್ಯೂಟರ್ ಲ್ಯಾಬ್‌ಗೆ ಹೋಯಿತು. ಬಾಟಲಿಗಳು ವರಾಂಡದಲ್ಲಿ ಸಾಲಾಗಿ ನಿಂತವು. ಕಪ್ಪೆ ಕೊಳೆಯದಂತೆ ತುಂಬಿದ್ದ ಫಾರ್ಮಲಿನ್ ದ್ರಾವಣ ಅರ್ಧ ಆರಿತ್ತು. ದ್ರಾವಣದಿಂದ ಮೇಲೆ ಉಳಿದ ಕಪ್ಪೆಯ ಬೆನ್ನು ಒಣಗಿ ಕಂದಾಗಿತ್ತು, ಮುಳುಗಿದ್ದ ಹೊಟ್ಟೆ ಮಾತ್ರ ಹಾಗೇ ಇತ್ತು. ಹೊರಗೆ ಅಂಟಿಸಿದ್ದ ಚೀಟಿಗಳು ಉದುರಿಹೋಗಿದ್ದವು. ಕೆಲವು ಬಾಟಲಿಗಳ ಒಳಗೆ ಪೆನ್ಸಿಲ್ಲಿನಲ್ಲಿ ಬರೆದು ಹಾಕಿದ್ದ ಚೀಟಿ ಮಾತ್ರ ಸ್ಪಷ್ಟವಾಗಿ ಓದಲು ಬರುತ್ತಿತ್ತು: ಊರು, ತಿಂಗಳು, ಹಿಡಿದವರ ಹೆಸರು. ವಾರದೊಳಗೆ ಗಾಜು ಗುಜರಿಗೆ ಹೋಯಿತು. ಬೇಡ ಎಂದು ನಾನೂ ಹೇಳಿದೆ, ಅಟೆಂಡರ್ ಕೂಡ ಹೇಳಿದರು. ಯಾರೂ ಕೇಳಲಿಲ್ಲ.

ರಾಜ್ಯದ ಹಳೆಯ ಕಾಲೇಜುಗಳಲ್ಲಿ ಇಂಥ ಬೀರುಗಳು ಇನ್ನೂ ಇವೆ. ಪ್ರಾಂಶುಪಾಲರಲ್ಲಿ ನನ್ನ ಮನವಿ ಇಷ್ಟೇ. ಕೋಣೆ ಬೇಕಿದ್ದರೆ ತೆಗೆದುಕೊಳ್ಳಿ. ಆದರೆ ಬಾಟಲಿ ಮುಟ್ಟುವ ಮೊದಲು ಒಳಗಿನ ಚೀಟಿ ಓದಿಸಿ, ಫೋಟೊ ತೆಗೆಸಿ, ಒಂದು ಪಟ್ಟಿ ಮಾಡಿಸಿ. ಊರು ಮತ್ತು ತಾರೀಖು ಇರುವ ಒಂದನ್ನೂ ಎಸೆಯಬೇಡಿ. ಇಟ್ಟುಕೊಳ್ಳಲು ಆಗದಿದ್ದರೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಕೋಯಿಕ್ಕೋಡ್ ಕೇಂದ್ರಕ್ಕೋ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಸಂಗ್ರಹಾಲಯಕ್ಕೋ ಬರೆದು ಕೇಳಿ. ಕಾಲೇಜು ಶಿಕ್ಷಣ ಇಲಾಖೆ ಇದಕ್ಕೊಂದು ಸುತ್ತೋಲೆ ಹೊರಡಿಸಿದರೆ ಕೆಲಸ ಬೇಗ ಆಗುತ್ತದೆ. ಈ ಬೇಸಿಗೆ ರಜೆಯಲ್ಲೇ ಶುರುಮಾಡಬಹುದು, ಯಾಕೆಂದರೆ ಕಾಲೇಜುಗಳಲ್ಲಿ ಕೋಣೆ ಖಾಲಿ ಮಾಡಿಸುವುದು ಜಾಸ್ತಿ ಆಗಲೇ.

ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮೂಡಿಗೆರೆ